ಮೂರ್ತಿ ಚಿಕ್ಕದು, ಚಿಂತೆ ದೊಡ್ಡದು

"ಇದು ಇನ್ನೂ ಬೆಳೆಯುತ್ತದಾ?"

ನಮ್ಮ ಕಟ್ಟಡದ ಲಿಫ್ಟಿನಲ್ಲಿ ಎರಡು ವರ್ಷಗಳಿಂದ ನಾವು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ ಇದು. ದುಬೈ ಎಂದ ಮೇಲೆ ಕೇಳಬೇಕೇ? ಕೇರಳದವರು ಒಂದು ಭಾಷೆಯಲ್ಲಿ, ಪಂಜಾಬಿನವರು ಇನ್ನೊಂದು ಭಾಷೆಯಲ್ಲಿ, ಈಜಿಪ್ಟಿನವರು ಮತ್ತೊಂದು ಭಾಷೆಯಲ್ಲಿ ಕೇಳುತ್ತಾರೆ. ಭಾಷೆ ಬೇರೆಯಾದರೂ ಪ್ರಶ್ನೆ ಒಂದೇ. ನಮ್ಮ ನಾಯಿಯನ್ನು ನೋಡಿ, ನಮ್ಮನ್ನು ನೋಡಿ, ಮತ್ತೆ ನಾಯಿಯನ್ನು ನೋಡಿ, "ಇಷ್ಟೇನಾ?" ಎಂದು ಕೈಯಲ್ಲೇ ಅಳತೆ ತೋರಿಸುತ್ತಾರೆ.

ಮೊದಮೊದಲು ನಾವು ನಕ್ಕೆವು. ಆಮೇಲೆ ಯೋಚಿಸತೊಡಗಿದೆವು. ಕೊನೆಗೆ ಚಿಂತೆಗೆ ಬಿದ್ದೆವು. ಆ ಚಿಂತೆಯಿಂದ ನಮ್ಮ ನಾಯಿಗೆ ಆದ ತೊಂದರೆ, ಅದರ ಸಣ್ಣ ಗಾತ್ರದಿಂದ ಎಂದೂ ಆಗಿರಲಿಲ್ಲ. ಈ ಮಾತನ್ನು ನಮ್ಮ ಶಾಲೆಯ ಮಕ್ಕಳಿಗೂ ಪೋಷಕ ಮಿತ್ರರಿಗೂ ಹೇಳಬೇಕೆನ್ನಿಸಿ ಈ ಲೇಖನ ಬರೆಯುತ್ತಿದ್ದೇವೆ. ಮನೆಯಲ್ಲಿ ನಾಯಿ ಬೇಕು ಎಂದು ಹಟ ಹಿಡಿದಿರುವ ಮಕ್ಕಳು, ಬೇಡ ಎಂದು ಪಟ್ಟು ಹಿಡಿದಿರುವ ಅಪ್ಪ ಅಮ್ಮಂದಿರು ಇಬ್ಬರೂ ಇದನ್ನು ಓದಲಿ ಎಂಬುದು ನಮ್ಮ ಆಸೆ.

ನಮ್ಮ ನಾಯಿಯ ಹೆಸರು ಭೀಮ. ಪಾಮೇರಿಯನ್ ಜಾತಿಯದು. ಊರಿಗೆ ಮರಳಿ ಹೊರಟಿದ್ದ ಪರಿಚಯದ ಒಂದು ಕುಟುಂಬ ತಮ್ಮ ಮನೆಯ ನಾಯಿ ಹಾಕಿದ ಮರಿಗಳಿಗೆ ಮನೆ ಹುಡುಕುತ್ತಿತ್ತು. ಗಲ್ಫಿನಲ್ಲಿ ಇದು ಹೊಸದೇನಲ್ಲ. ವೀಸಾ ಮುಗಿದಾಗ ಸೋಫಾ, ಫ್ರಿಜ್ಜುಗಳ ಜೊತೆ ಸಾಕುಪ್ರಾಣಿಗಳೂ ಮನೆ ಬದಲಿಸುತ್ತವೆ. ಮನೆ ಮಾಲೀಕರ ಒಪ್ಪಿಗೆ ಪಡೆದು, ಮೈಕ್ರೋಚಿಪ್, ಲಸಿಕೆ, ಪುರಸಭೆಯ ನೋಂದಣಿಗಳ ವಿಚಾರ ಎಲ್ಲ ಕೇಳಿ ತಿಳಿದುಕೊಂಡು, ಎರಡೂವರೆ ತಿಂಗಳ ಒಂದು ಮರಿಯನ್ನು ಮನೆಗೆ ತಂದೆವು. ಅಂದು ಅದರ ತೂಕ 850 ಗ್ರಾಂ. ಒಂದು ಕಿಲೋ ಸಕ್ಕರೆ ಪೊಟ್ಟಣಕ್ಕಿಂತಲೂ ಹಗುರ! ಆಗ ಮೂರನೆಯ ತರಗತಿಯಲ್ಲಿದ್ದ ಮಗ ಹಿಂದೆ ಮುಂದೆ ನೋಡದೆ "ಭೀಮ" ಎಂದು ನಾಮಕರಣ ಮಾಡಿಬಿಟ್ಟ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ನೆನಪಾಗಿ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು.

ಚಿಂತೆಯ ಬೀಜ ಬಿದ್ದದ್ದು ಪುತ್ತೂರಿನಿಂದ ಬಂದ ವಿಡಿಯೋ ಕರೆಯಲ್ಲಿ. ಮಕ್ಕಳ ಅಜ್ಜಿ ಮರಿಯನ್ನು ನೋಡಿದವರೇ, "ಎಂತದು ಮಾರಾಯ್ತಿ ಇದು, ಹೆಗ್ಗಣದ ಮರಿಯ ಹಾಗೆ ಉಂಟು! ನಮ್ಮ ಪಿಂಕಿ ಹೇಗಿತ್ತು, ಮೊಣಕಾಲಿಗೆ ಬರುತ್ತಿತ್ತು. ಇದಕ್ಕೆ ನೀವು ತಿನ್ನಲಿಕ್ಕೆ ಕೊಡುವುದಿಲ್ವಾ?" ಎಂದುಬಿಟ್ಟರು. ಪಿಂಕಿ ಎಂದರೆ ನಮ್ಮ ಮದುವೆಗೂ ಮುಂಚೆ ಊರಿನ ಮನೆಯಲ್ಲಿದ್ದ ಬಿಳಿ ನಾಯಿ. ಅದನ್ನೂ ಎಲ್ಲರೂ ಪಾಮೇರಿಯನ್ ಎಂದೇ ಕರೆಯುತ್ತಿದ್ದರು. ಗೂರ್ಖಾ ಇಲ್ಲದ ಮನೆಗೆ ಅದೇ ಗೂರ್ಖಾ. ಅಂಚೆಯವರು ಗೇಟಿನ ಹೊರಗಿನಿಂದಲೇ ಕೂಗುತ್ತಿದ್ದರಂತೆ. ಆ ಪಿಂಕಿಯ ಪಕ್ಕ ನಮ್ಮ ಭೀಮನನ್ನು ನಿಲ್ಲಿಸಿ ನೋಡಿದರೆ ಅಜ್ಜಿಯ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ.

ತಪ್ಪು ಎಲ್ಲಿತ್ತೆಂದು ನಮಗೆ ಗೊತ್ತಾಗಲು ಅರ್ಧ ವರ್ಷ ಬೇಕಾಯಿತು. ನಮ್ಮ ಊರುಗಳಲ್ಲಿ 1980ರ, 1990ರ ದಶಕಗಳಲ್ಲಿ ಮನೆಮನೆಯಲ್ಲಿದ್ದ ಆ ಬಿಳಿ "ಪಾಮೇರಿಯನ್"ಗಳಲ್ಲಿ ಬಹಳಷ್ಟು ನಿಜವಾಗಿ ಪಾಮೇರಿಯನ್ನುಗಳೇ ಅಲ್ಲ. ಅವು ಇಂಡಿಯನ್ ಸ್ಪಿಟ್ಜ್ ಎಂಬ ಜಾತಿಯವು. 1994ರಲ್ಲಿ ಬಂದ 'ಹಮ್ ಆಪ್ಕೆ ಹೈ ಕೌನ್' ಚಿತ್ರದಲ್ಲಿ ಅಂಪೈರ್ ಆಗಿದ್ದ ಟಫಿ ನೆನಪಿದೆಯೇ? ಅದೂ ಇಂಡಿಯನ್ ಸ್ಪಿಟ್ಜೇ. ನೋಡಲು ಎರಡೂ ಅಣ್ಣತಮ್ಮಂದಿರಂತೆ. ಆದರೆ ಸ್ಪಿಟ್ಜ್ ಪಾಮೇರಿಯನ್ನಿಗಿಂತ ಎರಡು ಪಟ್ಟಿಗೂ ಹೆಚ್ಚು ತೂಗುವುದು ಸಾಮಾನ್ಯ. ಅಮೆರಿಕನ್ ಕೆನಲ್ ಕ್ಲಬ್ಬಿನ ಮಾನದಂಡದ ಪ್ರಕಾರ ಬೆಳೆದ ಪಾಮೇರಿಯನ್ನಿನ ತೂಕ 3ರಿಂದ 7 ಪೌಂಡ್, ಎಂದರೆ ಸುಮಾರು 1.4ರಿಂದ 3.2 ಕಿಲೋ. ಪಾಮೇರಿಯನ್ನುಗಳೂ ಹಿಂದೆ ಇಷ್ಟು ಸಣ್ಣವಾಗಿರಲಿಲ್ಲ. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸಿನಿಂದ ಕೊಂಡು ತಂದ ಮಾರ್ಕೋ ಎಂಬ ಪಾಮೇರಿಯನ್ ಸುಮಾರು 12 ಪೌಂಡ್ ತೂಗುತ್ತಿತ್ತಂತೆ. ಅದನ್ನೇ ಆಗ ಸಣ್ಣದು ಎನ್ನುತ್ತಿದ್ದರು. ಆಮೇಲೆ ಜನರಿಗೆ ಇನ್ನೂ ಸಣ್ಣದು ಬೇಕೆನ್ನಿಸಿತು, ತಲೆಮಾರಿನಿಂದ ತಲೆಮಾರಿಗೆ ಸಣ್ಣ ನಾಯಿಗಳನ್ನೇ ಆರಿಸಿ ಮರಿ ಮಾಡಿಸಿದರು. ಬೇಕೆಂದೇ ಸಣ್ಣದು ಮಾಡಿದ ಜಾತಿಯನ್ನು ಮನೆಗೆ ತಂದು, "ಇದು ಯಾಕೆ ಸಣ್ಣದು?" ಎಂದು ಕೊರಗುವ ಮನುಷ್ಯರಿಗೆ ಏನು ಹೇಳೋಣ!

ಆದರೆ ಆಗ ನಮಗೆ ಇದೊಂದೂ ಗೊತ್ತಿರಲಿಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಬಟ್ಟಲಿಟ್ಟು, ಅದರಲ್ಲಿ ಭೀಮನನ್ನು ಕೂರಿಸಿ, ಪ್ರತಿ ಶುಕ್ರವಾರ ತೂಗಲಾರಂಭಿಸಿದೆವು. ಹಾಲಿನ ಲೆಕ್ಕ ಬರೆಯುತ್ತಿದ್ದ ನೋಟುಪುಸ್ತಕದ ಹಿಂಬದಿಯಲ್ಲಿ ತೂಕ ಬರೆದಿಡುವುದು ಮಗಳ ಕೆಲಸ. ನಾಲ್ಕು ತಿಂಗಳಿಗೆ 1 ಕಿಲೋ 350 ಗ್ರಾಂ. ಶುಕ್ರವಾರ ವಾರವಾರವೂ ಬಂದೇ ಬರುತ್ತದೆ, ಆದರೆ ತೂಕ ನಾವು ಬಯಸಿದಂತೆ ಬರಬೇಕಲ್ಲ! ಒಂದು ವಾರ 60 ಗ್ರಾಂ ಏರಿದರೆ ಮನೆಯಲ್ಲಿ ಹಬ್ಬ. ಇನ್ನೊಂದು ವಾರ 20 ಗ್ರಾಂ ಮಾತ್ರ ಏರಿದರೆ ಸೂತಕದ ಮನೆ.

ಐದನೆಯ ತಿಂಗಳಿಗೆ ಇನ್ನೊಂದು ಆಘಾತ ಕಾದಿತ್ತು. ಭೀಮನ ಕೂದಲು ಉದುರತೊಡಗಿತು. ಹತ್ತಿಯ ಉಂಡೆಯಂತಿದ್ದ ಮರಿ ನೋಡನೋಡುತ್ತಿದ್ದಂತೆ ಉದ್ದ ಮೂತಿಯ, ಸಣಕಲು ಕಾಲಿನ, ಮುಂಗುಸಿಯಂಥ ಪ್ರಾಣಿಯಾಯಿತು. ಇಷ್ಟು ದಿನ ನಾವು ಗಾತ್ರ ಎಂದುಕೊಂಡಿದ್ದರಲ್ಲಿ ಅರ್ಧ ಬರೀ ಕೂದಲು! ಪಾಮೇರಿಯನ್ ಮರಿಗಳು ಸುಮಾರು ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಮರಿಗೂದಲು ಕಳೆದುಕೊಂಡು, ಆಮೇಲೆ ನಿಧಾನವಾಗಿ ದೊಡ್ಡ ನಾಯಿಯ ದಟ್ಟ ಕೂದಲು ಪಡೆಯುತ್ತವೆ. ಹಲ್ಲು ಬೀಳುವ ಮಗುವಿಗೆ ಕೆಲವು ದಿನ ನಗು ಬೊಚ್ಚಾಗುವ ಹಾಗೆ ಇದು ಕೂಡ. ನಮಗೆ ಮಾತ್ರ ನಾಯಿ ಸೊರಗಿಹೋಯಿತು ಎಂಬ ಭಯ ಹಿಡಿಯಿತು. ಲಿಫ್ಟಿನಲ್ಲಿ ಒಬ್ಬ ಹಿರಿಯರು, "ಪಾಪ, ಇದಕ್ಕೆ ಏನು ಕಾಯಿಲೆ?" ಎಂದು ಕೇಳಿದ ದಿನ ನಮಗೆ ರಾತ್ರಿ ಊಟ ಸೇರಲಿಲ್ಲ.

ಊರಿಗೊಬ್ಬ ವೈದ್ಯನಿದ್ದರೆ ಸಾಲದು, ಮನೆಗೊಬ್ಬರು ಇರುತ್ತಾರೆ. ಆಫೀಸಿನ ಗೆಳೆಯರೊಬ್ಬರು ದಿನಕ್ಕೊಂದು ಮೊಟ್ಟೆ ಎಂದರು. ಪಕ್ಕದ ಫ್ಲ್ಯಾಟಿನವರು ಕೋಳಿಯ ಚರ್ಮ ಬೇಯಿಸಿ ಕೊಡಿ ಎಂದರು. ಊರಿನಿಂದ, "ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿ, ಮರಿ ದುಂಡಗಾಗುತ್ತದೆ" ಎಂಬ ಸಲಹೆ ಬಂತು. ಮೂಳೆ ಬಲಿಯಲಿ ಎಂದು ನಾವೇ ಒಂದು ಕ್ಯಾಲ್ಸಿಯಂ ಪುಡಿಯ ಡಬ್ಬಿ ತಂದೆವು. ಯಾರ ಮಾತನ್ನೂ ಬೇಸರಿಸಬಾರದೆಂದು ಎಲ್ಲವನ್ನೂ ಮಾಡಿದೆವು. ಮರಿಗಳಿಗೆಂದೇ ತಯಾರಾದ ಒಣ ಆಹಾರವನ್ನು ಬದಿಗಿಟ್ಟು, ತುಪ್ಪದ ಅನ್ನ, ಮೊಟ್ಟೆ, ಕೋಳಿ ಚರ್ಮ, ಮೇಲೆ ಕ್ಯಾಲ್ಸಿಯಂ. ಭೀಮ ಖುಷಿಯಿಂದ ತಿಂದ. ನಾವು ಖುಷಿಯಿಂದ ನೋಡಿದೆವು. ಮುಂದಿನ ಶುಕ್ರವಾರ ತೂಕ 100 ಗ್ರಾಂ ಏರಿತ್ತು.

ಅದರ ಮರುದಿನವೇ ವಾಂತಿ ಶುರುವಾಯಿತು. ಮೊದಲ ದಿನ ಎಲ್ಲೋ ಅಜೀರ್ಣ ಎಂದುಕೊಂಡೆವು. ಎರಡನೆಯ ದಿನ ಭೀಮ ನೀರನ್ನೂ ನಿಲ್ಲಿಸಿಕೊಳ್ಳಲಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿಸಿಕೊಂಡು ಸೋಫಾದ ಮೂಲೆಯಲ್ಲಿ ನಡುಗುತ್ತಾ ಕುಳಿತ. ಎತ್ತಿಕೊಂಡರೆ ಕುಂಯ್ ಎಂದ. ಮಗ ಅಳುತ್ತಾ ಶಾಲೆಗೆ ಹೋದ. ನಾವಿಬ್ಬರೂ ರಜೆ ಹಾಕಿ ಪಶುವೈದ್ಯರಲ್ಲಿಗೆ ಓಡಿದೆವು.

ಅಲ್ಲಿ ಎರಡು ದಿನ ಭೀಮನ ಕಾಲಿಗೆ ಗ್ಲೂಕೋಸ್ ಹಚ್ಚಿದ್ದರು. ಅತಿ ಕೊಬ್ಬಿನ ಆಹಾರದಿಂದ ಮೇದೋಜೀರಕ ಗ್ರಂಥಿ ಊದಿಕೊಂಡಿದೆ, ಅದಕ್ಕೇ ಈ ವಾಂತಿ, ಈ ನೋವು ಎಂದು ಡಾಕ್ಟರಮ್ಮ ವಿವರಿಸಿದರು. ಅವರು ಬೈಯಲಿಲ್ಲ. ಆದರೆ ನಮ್ಮ ನೋಟುಪುಸ್ತಕವನ್ನು ಇಸಿದುಕೊಂಡು, ಮಗಳು ಬರೆದ ತೂಕಗಳನ್ನೆಲ್ಲ ಒಂದೊಂದಾಗಿ ನೋಡಿ, "ನಿಮ್ಮ ನಾಯಿಗೆ ಯಾವ ರೋಗವೂ ಇರಲಿಲ್ಲ. ಇದು ಸರಿಯಾಗಿಯೇ ಬೆಳೆಯುತ್ತಿತ್ತು" ಎಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಅತಿಯಾದರೆ ಅಮೃತವೂ ವಿಷ ಎಂದು ಮಕ್ಕಳಿಗೆ ಹೇಳಿಕೊಡುವ ನಾವೇ, ಪ್ರೀತಿಯ ಹೆಸರಿನಲ್ಲಿ ಒಂದೂಮುಕ್ಕಾಲು ಕಿಲೋದ ಜೀವಕ್ಕೆ ವಿಷ ಉಣ್ಣಿಸಿದ್ದೆವು.

ಭೀಮ ಚೇತರಿಸಿಕೊಂಡ ಮೇಲೆ ಆ ಡಾಕ್ಟರಮ್ಮ ಹೇಳಿಕೊಟ್ಟದ್ದನ್ನು, ಆಮೇಲೆ ನಾವೇ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇವೆ.

ಮೊದಲನೆಯದು, ಎಲ್ಲ ನಾಯಿಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಸಣ್ಣ ಜಾತಿಯವು ಬೇಗ ಬೆಳೆದು ಬೇಗ ನಿಲ್ಲುತ್ತವೆ. ಮೂರು ನಾಲ್ಕು ತಿಂಗಳಿಗೆ ಅವು ತಮ್ಮ ಪೂರ್ಣ ತೂಕದ ಅರ್ಧದ ಆಸುಪಾಸಿಗೆ ಬಂದಿರುತ್ತವೆ. ಹತ್ತು ಹನ್ನೆರಡು ತಿಂಗಳಿಗೆ ಬೆಳವಣಿಗೆ ಬಹುತೇಕ ಮುಗಿದಿರುತ್ತದೆ. ಗ್ರೇಟ್ ಡೇನ್‌ನಂಥ ದೈತ್ಯ ನಾಯಿಗೆ ಒಂದೂವರೆಯಿಂದ ಎರಡು ವರ್ಷವೇ ಬೇಕು. ಆದ್ದರಿಂದ ಗೆಳೆಯರ ಮನೆಯ ಲ್ಯಾಬ್ರಡಾರ್ ತಿಂಗಳಿಗೆ ಎಷ್ಟು ಏರಿತು ಎಂಬುದು ನಮಗೆ ಬೇಡದ ಲೆಕ್ಕ. ನಮ್ಮ ಮರಿಯ ತಾಯಿ ತಂದೆ ಎಷ್ಟು ತೂಗುತ್ತವೆ ಎಂಬುದು ಬೇಕಾದ ಲೆಕ್ಕ. ಅದನ್ನು ಮರಿ ಕೊಟ್ಟವರನ್ನು ಕೇಳಬೇಕೆಂದು ನಮಗೆ ತೋಚಿರಲೇ ಇಲ್ಲ. ಆಮೇಲೆ ಫೋನ್ ಮಾಡಿ ಕೇಳಿದರೆ ತಾಯಿ 2 ಕಿಲೋ 300 ಗ್ರಾಂ, ತಂದೆ 2 ಕಿಲೋ 600 ಗ್ರಾಂ! ಒಂದು ಫೋನ್ ಕರೆಗೆ ಮುಗಿಯುವ ಪ್ರಶ್ನೆಗೆ ನಾವು ಮೂರು ತಿಂಗಳು ನಿದ್ದೆಗೆಟ್ಟಿದ್ದೆವು.

ಎರಡನೆಯದು, ಮನುಷ್ಯರ ಕೂಸುಗಳಿಗೆ ಇರುವಂತೆ ನಾಯಿಮರಿಗಳಿಗೂ ಬೆಳವಣಿಗೆಯ ಚಾರ್ಟ್ ಇದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಆಧಾರದ ಮೇಲೆ, 40 ಕಿಲೋ ಒಳಗಿನ ನಾಯಿಗಳನ್ನು ಐದು ಗಾತ್ರದ ಗುಂಪುಗಳಾಗಿ ವಿಂಗಡಿಸಿ, 12 ವಾರದಿಂದ ಎರಡು ವರ್ಷದವರೆಗಿನ ತೂಕದ ಗೆರೆಗಳನ್ನು ಹಾಕಿಕೊಟ್ಟಿದ್ದಾರೆ. ಇಲ್ಲಿ ಮುಖ್ಯವಾದದ್ದು ಯಾವ ಗೆರೆಯ ಮೇಲಿದ್ದೇವೆ ಎಂಬುದಲ್ಲ. ತನ್ನ ಗೆರೆಯ ಜೊತೆಜೊತೆಗೆ ಮರಿ ಸಾಗುತ್ತಿದೆಯೇ ಎಂಬುದು. ಭೀಮ ಕೆಳಗಿನ ಗೆರೆಯೊಂದನ್ನು ಹಿಡಿದು ಶಿಸ್ತಿನಿಂದ ಸಾಗುತ್ತಿದ್ದ. ತುಪ್ಪ ತಿನ್ನಿಸಿದ ವಾರ ಮಾತ್ರ ದಾರಿ ತಪ್ಪಿದ್ದ.

ಮೂರನೆಯದು, ತಕ್ಕಡಿಗಿಂತ ಒಳ್ಳೆಯ ಅಳತೆ ನಮ್ಮ ಕೈಯಲ್ಲೇ ಇದೆ. ಮಕ್ಕಳೇ, ಈಗಲೇ ಮಾಡಿ ನೋಡಿ. ಮುಷ್ಟಿ ಹಿಡಿದು ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ನಾಯಿಯ ಪಕ್ಕೆಲುಬು ಹಾಗೆ ಎದ್ದು ತಾಗಿದರೆ ಅದು ಬಡಕಲು. ಕೈ ಬಿಡಿಸಿ ಅಂಗೈಯ ದಪ್ಪ ಭಾಗವನ್ನು ಮುಟ್ಟಿ. ಪಕ್ಕೆಲುಬು ಹಾಗೆ ಮೆತ್ತಗೆ ಅಡಗಿಹೋಗಿದ್ದರೆ ಬೊಜ್ಜು. ಈಗ ಚಾಚಿದ ಕೈಯ ಹಿಂಬದಿಯನ್ನು ಸವರಿ. ಪಕ್ಕೆಲುಬು ಹಾಗೆ ತಾಗಿದರೆ ನಾಯಿ ಸರಿಯಾಗಿದೆ. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂದಕ್ಕೆ ಏರಿರಬೇಕು. ಇದಕ್ಕೆ ಯಾವ ಯಂತ್ರವೂ ಬೇಡ, ಯಾವ ನೋಟುಪುಸ್ತಕವೂ ಬೇಡ.

ನಾಲ್ಕನೆಯದು, ಹೆಚ್ಚು ಉಣ್ಣಿಸಿದರೆ ನಾಯಿ ಅಗಲವಾಗುತ್ತದೆಯೇ ಹೊರತು ಎತ್ತರವಾಗುವುದಿಲ್ಲ. ಗಾತ್ರದಲ್ಲಿ ದೊಡ್ಡ ಪಾಲು ಹುಟ್ಟಿನಿಂದಲೇ ಬರುತ್ತದೆ. ಸಣ್ಣ ನಾಯಿಗಳಲ್ಲಿ ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್-1 ಎಂಬ ಜೀನಿನ ಒಂದು ವಿಶೇಷ ರೂಪ ಇರುವುದನ್ನು ವಿಜ್ಞಾನಿಗಳು 2007ರಲ್ಲಿ ತೋರಿಸಿದರು. 2022ರಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ಹೊರಬಿತ್ತು. ಸುಮಾರು 54,000 ವರ್ಷ ಹಿಂದಿನ ತೋಳವೊಂದರ ಅವಶೇಷದಲ್ಲೂ ಸಣ್ಣ ಗಾತ್ರದ ಆ ಗುರುತು ಸಿಕ್ಕಿತು! ಮನುಷ್ಯ ನಾಯಿಯನ್ನು ಸಾಕುವ ಮುಂಚೆಯೇ ಪ್ರಕೃತಿ ಸಣ್ಣದಕ್ಕೂ ಒಂದು ಜಾಗ ಮಾಡಿಟ್ಟಿತ್ತು. ಅದನ್ನು ಒಂದು ಚಮಚ ತುಪ್ಪದಿಂದ ಅಳಿಸಲು ಹೊರಟವರು ನಾವು. ಹಾಗೆಯೇ ಕ್ಯಾಲ್ಸಿಯಂ. ಮರಿಗಳಿಗೆಂದೇ ಸಮತೋಲನದಿಂದ ತಯಾರಿಸಿದ ಆಹಾರದಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತದೆ. ವೈದ್ಯರು ಹೇಳದೆ ಅದರ ಮೇಲೆ ಇನ್ನಷ್ಟು ಸುರಿಯುವುದು ಕೆಟ್ಟದ್ದು, ದೊಡ್ಡ ಜಾತಿಯ ಮರಿಗಳಲ್ಲಂತೂ ಮೂಳೆಯೇ ಸೊಟ್ಟಗಾಗಬಹುದು.

ಇನ್ನೊಂದು ಅಧ್ಯಯನ ನಮ್ಮ ಕಣ್ಣು ತೆರೆಸಿತು. 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಟ್ಟು, ಜೀವನಪೂರ್ತಿ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಿತವಾಗಿ ಉಂಡ ನಾಯಿಗಳ ಆಯುಸ್ಸು ಸುಮಾರು 1.8 ವರ್ಷ ಹೆಚ್ಚಾಗಿತ್ತು. ನಾಯಿಯ ಬದುಕಿನಲ್ಲಿ ಸುಮಾರು ಎರಡು ವರ್ಷವೆಂದರೆ ಸಣ್ಣ ಮಾತೇ? ಹಾಗೆಂದು ಬೆಳೆಯುವ ಮರಿಯನ್ನು ಉಪವಾಸ ಕೆಡವಿ ಎಂದು ಇದರ ಅರ್ಥವಲ್ಲ. ದುಂಡಗಿರುವುದೇ ಆರೋಗ್ಯ ಎಂಬ ನಮ್ಮ ಹಳೆಯ ನಂಬಿಕೆ ತಪ್ಪು ಎಂದಷ್ಟೇ ಅರ್ಥ.

ಈಗ ನಾಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು. ನಮ್ಮದು ನಾಯಿ ಸಣ್ಣದಾಯಿತು ಎಂಬ ಚಿಂತೆಯಾದರೆ, ನಮಗೆ ತಿಳಿದ ಇನ್ನೊಂದು ಮನೆಯಲ್ಲಿ ದೊಡ್ಡದಾಯಿತು ಎಂಬ ಚಿಂತೆ. "ಟೀಕಪ್ ನಾಯಿ, ಜೀವನಪೂರ್ತಿ ಕೈಚೀಲದಲ್ಲಿ ಹಿಡಿಸುತ್ತದೆ" ಎಂಬ ಮಾತು ನಂಬಿ ಅವರು ದುಬಾರಿ ಬೆಲೆ ಕೊಟ್ಟು ಮರಿ ತಂದಿದ್ದರು. ಅದು ಎಲ್ಲ ಮರಿಗಳಂತೆ ಬೆಳೆಯಿತು. ಬೆಳೆಯಬಾರದೆಂದು ಊಟ ಕಡಿಮೆ ಮಾಡಿದರು. ಒಂದು ಬೆಳಿಗ್ಗೆ ಮರಿ ತೂರಾಡಿ ಬಿದ್ದಿತು. ತೀರಾ ಸಣ್ಣ ಮರಿಗಳು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ನಡುಕ, ತೂರಾಟ, ಫಿಟ್ಸ್ ಕೂಡ ಬರಬಹುದು. ಅದಕ್ಕೇ ಅವಕ್ಕೆ ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪ ಕೊಡಬೇಕು. ಹಾಗೇನಾದರೂ ಆದರೆ ಒಸಡಿಗೆ ಸ್ವಲ್ಪ ಜೇನುತುಪ್ಪ ಸವರಿ ತಕ್ಷಣ ವೈದ್ಯರಲ್ಲಿಗೆ ಒಯ್ಯಬೇಕು. ಆ ಮರಿ ಉಳಿಯಿತು, ಆದರೆ ಆ ಮನೆಯಲ್ಲಿ ಉಳಿಯಲಿಲ್ಲ. "ಹೇಳಿದಷ್ಟು ಸಣ್ಣದಲ್ಲ" ಎಂದು ಏಳು ತಿಂಗಳಿಗೇ ಬೇರೆಯವರಿಗೆ ಕೊಟ್ಟುಬಿಟ್ಟರು. ಟೀಕಪ್ ಎಂಬುದು ಯಾವ ಪ್ರಮುಖ ಕೆನಲ್ ಕ್ಲಬ್ಬೂ ಒಪ್ಪಿದ ಜಾತಿಯಲ್ಲ, ಬರೀ ಮಾರಾಟದ ಮಾತು.

ನಾವು ಅವರನ್ನು ಆಡಿಕೊಳ್ಳಲಿಲ್ಲ. ಆಡಿಕೊಳ್ಳುವ ಯೋಗ್ಯತೆ ನಮಗೂ ಇರಲಿಲ್ಲ. ಅವರು ಊಟ ಕಡಿಮೆ ಮಾಡಿದರು, ನಾವು ಹೆಚ್ಚು ಮಾಡಿದೆವು, ಅಷ್ಟೇ ವ್ಯತ್ಯಾಸ. ಇಬ್ಬರ ತಲೆಯಲ್ಲೂ ಇದ್ದದ್ದು ಒಂದು ಚಿತ್ರದ ನಾಯಿ. ಎದುರಿಗಿದ್ದ ನಾಯಿಯನ್ನು ಇಬ್ಬರೂ ನೋಡಲಿಲ್ಲ.

"ಹಾಗಾದರೆ ಚಿಂತೆಯೇ ಮಾಡಬಾರದೇ? ಚಿಂತೆ ಮಾಡುವುದೂ ಪ್ರೀತಿಯಲ್ಲವೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಚಿಂತೆ ಮಾಡಬೇಕಾದ ಸಂದರ್ಭಗಳು ಖಂಡಿತ ಇವೆ. ಬೆಳೆಯುವ ವಯಸ್ಸಿನ ಮರಿಯ ತೂಕ ವಾರಗಟ್ಟಲೆ ಏರದೆ ನಿಂತರೆ, ಅಥವಾ ಇಳಿದರೆ. ಮೈ ಬಡಕಲಾಗಿ ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿದರೆ, ಅದು ಜಂತುಹುಳದ ಲಕ್ಷಣವಿರಬಹುದು. ಬೇಧಿ ನಿಲ್ಲದಿದ್ದರೆ, ಆಟ ಬಿಟ್ಟು ಮಂಕಾಗಿ ಮಲಗಿದರೆ, ಸ್ವಲ್ಪ ಓಡಿದರೂ ಏದುಸಿರು ಬಿಟ್ಟರೆ, ಉಂಡ ಮೇಲೆ ಮತ್ತು ಬಂದವರಂತೆ ತೂಗಾಡಿದರೆ ಕಾಯಬಾರದು. ಹೃದಯದ, ಪಿತ್ತಜನಕಾಂಗದ ಹುಟ್ಟುದೋಷಗಳಿಂದ ಬೆಳವಣಿಗೆ ಕುಂಠಿತವಾಗುವುದೂ ಉಂಟು. ಆದರೆ ಆ ಚಿಂತೆಯನ್ನು ಹೊತ್ತುಕೊಂಡು ಹೋಗಬೇಕಾದದ್ದು ವೈದ್ಯರ ಬಳಿಗೆ, ಲಿಫ್ಟಿನ ಪಂಚಾಯಿತಿಗಲ್ಲ. ವೈದ್ಯರು "ಸರಿಯಾಗಿದೆ" ಎಂದ ಮೇಲೂ ಉಳಿಯುವ ಚಿಂತೆ ನಾಯಿಯದಲ್ಲ, ನಮ್ಮದು. ನಾಲ್ಕು ಜನರ ಮುಂದೆ ನಮ್ಮದು ದೊಡ್ಡದಾಗಿ ಕಾಣಬೇಕೆಂಬ ಆಸೆ ಅದು.

ಇದು ನಮಗೆ ಅರ್ಥವಾದದ್ದು ಒಂದು ಶುಕ್ರವಾರ. ಭೀಮ ಆಸ್ಪತ್ರೆಯಿಂದ ಬಂದು ಎರಡು ಮೂರು ವಾರವಾಗಿತ್ತು. ತೂಕ ಬರೆಯಲೆಂದು ನೋಟುಪುಸ್ತಕ ತೆರೆದಾಗ, ಭೀಮನ ತೂಕಗಳ ಪಟ್ಟಿಯ ಕೆಳಗೆ ಮಗನ ಸೊಟ್ಟ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಅವನ ಹೆಸರು, ಅವನ ತೂಕ, ಅವನ ಎತ್ತರ. ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಅವನು ಯಾವಾಗಲೂ ಎಲ್ಲರಿಗಿಂತ ಮುಂದೆ ನಿಲ್ಲುವವನು. ಎತ್ತರದ ಪ್ರಕಾರ ನಿಲ್ಲಿಸುತ್ತಾರಲ್ಲ, ಹಾಗಾಗಿ. "ನಿನ್ನ ವಯಸ್ಸಿಗೆ ನಿನ್ನ ಅಕ್ಕ ಎಷ್ಟು ಎತ್ತರ ಇದ್ದಳು ಗೊತ್ತಾ" ಎಂದು ಊಟದ ಹೊತ್ತಿಗೆ ನಾವು ಎಷ್ಟು ಬಾರಿ ಹೇಳಿದ್ದೆವೋ! ಆ ಸಾಲನ್ನು ನೋಡಿ ನಾವಿಬ್ಬರೂ ಮಾತಾಡಲಿಲ್ಲ. ಆ ವಾರದಿಂದ ತಕ್ಕಡಿ ಮತ್ತೆ ಹಿಟ್ಟು ಸಕ್ಕರೆಗೆ ಮೀಸಲಾಯಿತು. ಭೀಮನನ್ನು ತೂಗುವುದು ತಿಂಗಳಿಗೊಮ್ಮೆ. ಊಟದ ಹೊತ್ತಿನ ಆ ಮಾತನ್ನು ನಾವು ಮತ್ತೆ ಆಡಿಲ್ಲ.

ಪೋಷಕ ಮಿತ್ರರೇ, ನಾಯಿ ತರುವ ಯೋಚನೆ ಇದ್ದರೆ ನಮ್ಮದೊಂದು ವಿನಂತಿ. "ಎಷ್ಟು ದೊಡ್ಡದಾಗುತ್ತದೆ?" ಎಂದು ಕೇಳಿ, ತಪ್ಪಿಲ್ಲ. ತಾಯಿ ತಂದೆಯನ್ನು ನೋಡಿ, ಅವುಗಳ ತೂಕ ವಿಚಾರಿಸಿ. ಆದರೆ ಆ ಉತ್ತರ ನೂರು ಗ್ರಾಂ ಹೆಚ್ಚು ಕಡಿಮೆ ಆದರೂ ಸಾಕುತ್ತೇವೆ ಎಂಬ ಧೈರ್ಯವಿದ್ದರೆ ಮಾತ್ರ ತನ್ನಿ. ಇಷ್ಟು ಧೈರ್ಯವಿಲ್ಲದಿದ್ದರೆ ಮಕ್ಕಳ ಹಟಕ್ಕೆ ಮಣಿಯಬೇಡಿ. ಮಕ್ಕಳೇ, ನಿಮಗೂ ಒಂದು ಮಾತು. ನಾಯಿಗೆ ನಿಮ್ಮ ತಟ್ಟೆಯಿಂದ ತಿನ್ನಿಸುವುದು ಪ್ರೀತಿಯಲ್ಲ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಪಾಯಸದ ಒಣದ್ರಾಕ್ಷಿ ಇವೆಲ್ಲ ಅದಕ್ಕೆ ವಿಷ. ಬೇಸಿಗೆಯಲ್ಲಿ ಕಾಲುದಾರಿಯ ಮೇಲೆ ಮೊದಲು ನಿಮ್ಮ ಕೈ ಇಟ್ಟು ನೋಡಿ, ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ಸೂರ್ಯ ಹುಟ್ಟುವ ಮುಂಚೆ ಎದ್ದು ಅದನ್ನು ತಿರುಗಾಡಿಸಿ. ಪ್ರೀತಿ ಇರುವುದು ಅಲ್ಲಿ, ನಿದ್ದೆಗಣ್ಣಿನಲ್ಲಿ ಚಪ್ಪಲಿ ಹುಡುಕುವುದರಲ್ಲಿ.

ಭೀಮನಿಗೆ ಈಗ ಎರಡು ವರ್ಷ ದಾಟಿದೆ. ತೂಕ 2 ಕಿಲೋ 450 ಗ್ರಾಂ. ತಾಯಿ ತಂದೆಯ ತೂಕದ ಸರಿಯಾಗಿ ಮಧ್ಯದಲ್ಲಿದ್ದಾನೆ. ವರ್ಷ ತುಂಬಿದ ಮೇಲೆ ಹೆಚ್ಚೇನೂ ಬೆಳೆದಿಲ್ಲ, ಇನ್ನು ಬೆಳೆಯುವುದೂ ಇಲ್ಲ. ಕೂದಲು ಮಾತ್ರ ಮೊದಲಿಗಿಂತ ದಟ್ಟವಾಗಿ ಬಂದಿದೆ. ಸಾಮಾನ್ಯವಾಗಿ ಸಣ್ಣ ನಾಯಿಗಳು ದೊಡ್ಡವಕ್ಕಿಂತ ಹೆಚ್ಚು ವರ್ಷ ಬಾಳುತ್ತವೆ ಎಂಬುದು ನಮಗೆ ದೊಡ್ಡ ಸಮಾಧಾನ. ಕಳೆದ ರಜೆಯಲ್ಲಿ ಅಜ್ಜಿ ಪುತ್ತೂರಿನಿಂದ ಬಂದಿದ್ದರು. ಬಂದ ದಿನ, "ಇನ್ನೂ ಇಷ್ಟೇ ಉಂಟಲ್ಲ ಇದು!" ಎಂದವರು, ಮೂರನೆಯ ದಿನಕ್ಕೆ ಅದನ್ನು ಮಡಿಲಲ್ಲಿ ಮಲಗಿಸಿಕೊಂಡು ಧಾರಾವಾಹಿ ನೋಡುತ್ತಿದ್ದರು. "ಪಿಂಕಿ ಮಡಿಲಲ್ಲಿ ಹಿಡಿಯುತ್ತಿರಲಿಲ್ಲ ನೋಡು" ಎಂದು ಅವರೇ ಹೇಳಿದರು.

ಮೊನ್ನೆ ಲಿಫ್ಟಿನಲ್ಲಿ ಹೊಸದಾಗಿ ಬಂದ ಒಬ್ಬರು ಎಂದಿನ ಪ್ರಶ್ನೆ ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಮಗ ಉತ್ತರ ಕೊಟ್ಟ.

"ಇಲ್ಲ ಅಂಕಲ್, ಇವನು ಬೆಳೆದು ಮುಗಿದಿದೆ."